ಹುಟ್ಟಿನಿಂದ ಕೇಳುವವರು

ಕಿರಿಮಂಜೇಶ್ವರ
11-10-1998

'ಕೇಳಿ ನೋಡಿ' ವಿಭಾಗದ ಡಾಕ್ಟರರಿಗೆ ಗುಲಾಬಿ ಮಾಡುವ ನಮಸ್ಕಾರ.

ದೇವರ ದಯೆಯಿಂದ ಇಲ್ಲಿ ಎಲ್ಲ ಸೌಖ್ಯ, ಎರಡು ಕಿವಿ ಬಿಟ್ಟು.

ನನಗೆ ಐವತ್ತು ವರ್ಷ. ಊರಿನ ಶಾಲೆಯಲ್ಲಿ ಏಳನೆಯವರೆಗೆ ಓದಿದ್ದೇನೆ. ಮೀನಿನ ಬುಟ್ಟಿ ಹೊತ್ತು ಬೈಂದೂರು ಪೇಟೆಯಲ್ಲಿ ಮಾರುತ್ತೇನೆ. ವಾರದಲ್ಲಿ ಒಂದು ದಿನ ಒಪ್ಪೊತ್ತು, ಆ ದಿನ ಬುಟ್ಟಿ ಮುಟ್ಟುವುದಿಲ್ಲ. ನೆರೆಮನೆಯ ವನಜನ ತಂಗಿ ಬೊಂಬಾಯಿಯಿಂದ ಬರುವಾಗ ನಿಮ್ಮ ಮಾಸಿಕ ತಂದಿದ್ದಳು. ಅದರಲ್ಲಿ 'ಕೇಳಿ ನೋಡಿ' ಎಂಬ ಪುಟ ಕಂಡು, ಇದು ಕಿವಿಯ ಡಾಕ್ಟರರದ್ದೇ ಎಂದು ತಿಳಿದು ಬರೆಯುತ್ತಿದ್ದೇನೆ.

ನಮ್ಮ ಮನೆಯವರಿಗೆ ಕಿವಿ ಕೇಳುವುದಿಲ್ಲ. ಹುಟ್ಟಿನಿಂದ ಎನ್ನುತ್ತಾರೆ. ದೋಣಿಯಲ್ಲಿ ಹಲ್ಲು ಕಚ್ಚಿಕೊಂಡು ಕೂರುವುದನ್ನು ಕಂಡು ಉಳಿದವರು ನಗುತ್ತಾರೆ. ಇದು ಜಾಣಕಿವುಡು ಎಂದು ದೋಣಿಯ ಯಜಮಾನ ಕಿಟ್ಟನ ಮಾತು. ಮಕರ ಸಂಕ್ರಮಣ ಕಳೆದ ಮೇಲೆ ಆ ಜಾಗದಲ್ಲಿ ಬೇರೆಯವರನ್ನು ಕೂರಿಸುತ್ತಾನಂತೆ. ಮೂವತ್ತು ವರ್ಷ ಕೂತ ಜಾಗ. ಸಮುದ್ರ ತಪ್ಪಿದರೆ ನಮ್ಮ ಮನೆಯವರು ಉಳಿಯುವುದಿಲ್ಲ.

ಹೀಗೆ ಉಂಟೋ ಇಲ್ಲವೋ, ವಿಜ್ಞಾನ ಏನು ಹೇಳುತ್ತದೆ ತಿಳಿಸಬೇಕು. ಉಂಟು ಎಂದಾದರೆ ಪುಸ್ತಕದಲ್ಲಿ ಅಚ್ಚು ಹಾಕಿಸಿ. ಕಿಟ್ಟ ದೇವರ ಮಾತಾದರೂ ಮೀರಿಯಾನು, ಅಚ್ಚಾದದ್ದನ್ನು ನಂಬುತ್ತಾನೆ.

ಇತಿ,
ಗುಲಾಬಿ


ಮುಂಬಯಿ
3-11-1998

ಶ್ರೀಮತಿ ಗುಲಾಬಿಯವರಿಗೆ ವಂದನೆಗಳು.

ನಿಮ್ಮ ಪತ್ರ ತಲುಪಿತು. ನಿಮ್ಮ ಮನೆಯವರ ವಿಷಯ ಓದಿ ಮನಸ್ಸು ಭಾರವಾಯಿತು, ಕುತೂಹಲವೂ ಆಯಿತು. ಹುಟ್ಟಿನಿಂದ ಎಂದು ಬರೆದಿದ್ದೀರಿ. ಇದು ವಿಜ್ಞಾನಕ್ಕೆ ಹೊಸದಲ್ಲ. ಅಮೆರಿಕದ ಒಂದು ದ್ವೀಪದಲ್ಲಿ ಹಿಂದೆ ಹುಟ್ಟಿನಿಂದ ಹೀಗಿದ್ದವರು ಬಹಳ ಮಂದಿ ಇದ್ದರು. ಊರವರೆಲ್ಲ ಅವರ ರೀತಿಯನ್ನೇ ಕಲಿತುಕೊಂಡಿದ್ದರು. ಮೀನುಗಾರರು ದೋಣಿಯಿಂದ ದೋಣಿಗೆ ಬಾಯಿ ತೆರೆಯದೆ ಮಾತನಾಡುತ್ತಿದ್ದರು. ಯಾರೂ ಅದನ್ನು ಕೊರತೆ ಎಂದು ತಿಳಿಯುತ್ತಿರಲಿಲ್ಲ.

ನೀವು ಮೀನಿನ ಕಸುಬಿನವರಾದ್ದರಿಂದ ಇನ್ನೊಂದು ಸಂಗತಿ. ಮೀನಿಗೆ ಹೊರಗಿವಿ ಇಲ್ಲ, ಆದರೂ ಅದು ಕೇಳಿಸಿಕೊಳ್ಳುತ್ತದೆ. ತಲೆಯೊಳಗಿನ ಬಿಳಿಯ ಕಲ್ಲುಗಳೇ ಅದಕ್ಕೆ ಕಿವಿಯ ಭಾಗ. ಮೀನಿನ ಮೈ ಹೆಚ್ಚುಕಡಿಮೆ ನೀರಿನಷ್ಟೇ ತೂಕದ್ದು, ಸದ್ದು ಬಂದಾಗ ನೀರಿನೊಂದಿಗೆ ಅದೂ ಅಲುಗುತ್ತದೆ. ಕಲ್ಲು ಭಾರ, ಚೂರು ಹಿಂದೆ ಉಳಿಯುತ್ತದೆ. ಆ ಹಿಂದೆ ಉಳಿಯುವುದೇ ಕೇಳುವುದು. ಮರದ ಕಾಂಡದಂತೆ ಆ ಕಲ್ಲಿನಲ್ಲಿ ವರ್ಷದ ಬಳೆಗಳು ಮೂಡುತ್ತವೆ. ಎಳೆಯ ಮರಿಯಾಗಿದ್ದಾಗ ದಿನಕ್ಕೊಂದು ಗೆರೆ.

ನಿಮ್ಮ ಮನೆಯವರು ಒಟ್ಟು ಎಷ್ಟು ಜನ ಎಂದು ದಯವಿಟ್ಟು ತಿಳಿಸಿ. ಡಿಸೆಂಬರ್ ಸಂಚಿಕೆಯಲ್ಲಿ ಉತ್ತರ ಪ್ರಕಟವಾಗುತ್ತದೆ.

ಎನ್. ಶ್ರೀ
'ಕೇಳಿ ನೋಡಿ'


ಕಿರಿಮಂಜೇಶ್ವರ
19-11-1998

ಡಾಕ್ಟರರಿಗೆ ಸಾವಿರ ನಮಸ್ಕಾರ.

ನಿಮ್ಮ ಕಾಗದ ಬಂದ ದಿನವೇ ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿದೆ. ಇಷ್ಟು ದೊಡ್ಡ ಲೋಕದಲ್ಲಿ ಇವರ ಹಾಗೆ ಹುಟ್ಟಿನಿಂದ ಕೇಳುವವರು ಒಂದು ದ್ವೀಪದ ತುಂಬ ಇದ್ದರು ಎಂದು ಓದಿ ನನಗೆ ಅಳು ಬಂತು.

ಮನೆಯವರು ಒಟ್ಟು ಎಷ್ಟು ಜನ ಎಂದು ಕೇಳಿದ್ದೀರಿ. ಇದೆಂಥ ಪ್ರಶ್ನೆ ಮಾರಾಯರೇ! ನನಗೆ ಒಬ್ಬರೇ.

ಇವರು ಮಾಡುವ ಕ್ರಮ ಬರೆಯುತ್ತೇನೆ, ನಿಮ್ಮ ದ್ವೀಪದವರದ್ದೂ ಹೀಗೆಯೋ ನೋಡಿ. ಇವರ ಅಪ್ಪಯ್ಯ ಕಲಿಸಿದ ವಿದ್ಯೆ ಇದು. ಎಂಜಿನ್ ನಿಲ್ಲಿಸಿ, ದೋಣಿಯ ಹುಟ್ಟನ್ನು ನೀರಿಗೆ ಇಳಿಬಿಟ್ಟು, ಹಿಡಿಯ ತುದಿಗೆ ಕಿವಿ ಇಡುವುದು. ಅಡಿಯಲ್ಲಿ ಕಲ್ಲೂರು ಮೀನಿನ ಹಿಂಡು ಇದ್ದರೆ ಗೊರ್ ಗೊರ್ ಎಂದು ಕೇಳುತ್ತದಂತೆ. ಆ ಮೀನು ಬುಟ್ಟಿಗೆ ಬಿದ್ದ ಮೇಲೂ ಅತ್ತೆಯಂದಿರ ಹಾಗೆ ಗೊಣಗುತ್ತದೆ. ಅದರ ತಲೆಯಲ್ಲೇ ನೀವು ಹೇಳಿದ ಕಲ್ಲು ಇರುವುದು. ನಾನು ಅದನ್ನು ಬಿಸಾಡದೆ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ, ಸಾಲಿಗ್ರಾಮದ ಹಾಗೆ ಕಾಣುತ್ತದೆ ಎಂದು. ಕಿವಿ ಎಂದು ಗೊತ್ತಿರಲಿಲ್ಲ. ಇಷ್ಟು ವರ್ಷ ಅವುಗಳ ಎದುರು ಏನೇನು ಮಾತಾಡಿದೆನೋ.

ಹತ್ತು ವರ್ಷದಿಂದ ಇವರ ಕಿವಿ ಮಂದವಾಗುತ್ತ ಬಂತು. ಹುಟ್ಟಿಗೆ ಕಿವಿ ಇಟ್ಟರೆ ಏನೂ ಇಲ್ಲ. ಒಂದು ದಿನ ಕೈ ಬಿಡುವಿಲ್ಲದೆ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿದಾಗ ತಲೆಯ ನಡುವೆಯೇ ಗೊರ್ ಎಂದಿತಂತೆ. ಅಂದಿನಿಂದ ಹಲ್ಲು ಕಚ್ಚಿಯೇ ಕೇಳುವುದು. ಆ ಹಿಡಿಯಲ್ಲಿ ಇವರ ಎರಡು ಹಲ್ಲಿನ ಗುರುತು ಬಿದ್ದಿದೆ.

ಕಾಗದ ಹಿಡಿದುಕೊಂಡು ದಡಕ್ಕೇ ಹೋದೆ. "ಹ್ವಾಯ್ ಕಿಟ್ಟಣ್ಣ, ಬೊಂಬಾಯಿ ಡಾಕ್ಟ್ರ್ ಬರ್ದಿರ್ ಕಾಣಿ. ಹುಟ್ಟಂಗೆ ಕೇಂಬುದ್ ಇತ್ತಂಬ್ರ್. ಅಮೆರಿಕದಗೆ ಒಂದ್ ದ್ವೀಪವೇ ಇತ್ತಂಬ್ರ್" ಎಂದೆ.

"ಹಂಗಾರೆ ನಿಮ್ಮ ಗಂಡನ್ನ ಅಮೆರಿಕದ್ ದೋಣಿಗೇ ಕಳ್ಸಿ" ಎಂದ. ಆದರೂ ಕೊನೆಗೆ, ಅಚ್ಚಾಗಿ ಬರಲಿ, ಬಂದರೆ ನೋಡುವ ಎಂದಿದ್ದಾನೆ. ಅಷ್ಟು ಸಾಕು ನನಗೆ.

ಗುಲಾಬಿ


ಕಿರಿಮಂಜೇಶ್ವರ
12-1-1999

ಡಾಕ್ಟರರೇ,

ನಮಸ್ಕಾರ ಬರೆಯಲು ಮನಸ್ಸು ಬರುವುದಿಲ್ಲ. ಆದರೂ ಕ್ರಮ ಬಿಡಬಾರದು. ನಮಸ್ಕಾರ.

ನಿಮ್ಮ ಡಿಸೆಂಬರದ ಪುಸ್ತಕ ಬಂತು. ನನಗಿಂತ ಮೊದಲು ಕಿಟ್ಟನ ಕೈಗೆ ಬಂತು. ಬಲೆ ಹೆಣೆಯುತ್ತ ಕೂತ ಹನ್ನೆರಡು ಜನರ ಎದುರು ಅವನು ದೊಡ್ಡದಾಗಿ ಓದಿದ. "ಕಿರಿಮಂಜೇಶ್ವರದ ಗುಲಾಬಿಯವರ ಮನೆಯವರೆಲ್ಲ ಹುಟ್ಟು ಕಿವುಡರು. ಹಲ್ಲು ಕಚ್ಚಿ ಬದುಕು ಸಾಗಿಸುತ್ತಿರುವ ಈ ಕುಟುಂಬ ಕೈಸನ್ನೆಯ ಭಾಷೆ ಕಲಿಯುವುದು ಒಳ್ಳೆಯದು." ಅಚ್ಚಾದದ್ದು ಇದು.

ಕಿಟ್ಟ ಪುಸ್ತಕ ಮಡಚಿ, "ಹುಟ್ಟ್ ಕಿವ್ಡಾ? ಮೂವತ್ ವರ್ಷ ನಮ್ಮೊಟ್ಟಿಗೆ ಮಾತಾಡಿ ಪಟ್ಟಾಂಗ ಹೊಡ್ದ್ ಜನ ಯಾರ್ ಮಾರ್ರೆ? ಭೂತವಾ?" ಎಂದ. ಎಲ್ಲ ಬಿದ್ದು ಬಿದ್ದು ನಕ್ಕರು. ನನಗೂ ಒಂದು ಹಾಕಿದ, "ಗುಲಾಬಕ್ಕ, ನಿಮ್ಗೂ ಕೇಂತಿಲ್ಯಾ? ನೀವೂ ಮನೆಯವ್ರೇ ಅಲ್ದಾ?"

ಮತ್ತೆ ಲೆಕ್ಕ ಕೊಟ್ಟ. ಒಂದು, ಕಿವುಡರು ಬೊಬ್ಬೆ ಹೊಡೆದು ಮಾತಾಡುತ್ತಾರೆ, ಇವರು ಪಿಸಪಿಸ ಮಾತಾಡುತ್ತಾರೆ. ಇನ್ನೊಂದು, ಮನೆಯ ಮೌನದಲ್ಲಿ ಕೇಳದವರಿಗೆ ಬೈಂದೂರು ಬಸ್ಸಿನ ಗಡಗಡದಲ್ಲಿ ಎಲ್ಲ ಕೇಳುತ್ತದೆ. "ಬೇಕಾದ್ದ್ ಕೇಂತ್, ಬ್ಯಾಡ್ದಿದ್ದ್ ಕೇಂತಿಲ್ಲೆ. ಇದ್ಕೇ ಜಾಣ್‌ಕಿವ್ಡ್ ಅಂಬುದ್." ನಿಜ ಹೇಳಬೇಕಲ್ಲ, ಅವನು ಹೇಳಿದ್ದು ಎರಡೂ ಹೌದು. ನಾನೇ ಎಷ್ಟೋ ಸಲ ಮನಸ್ಸಿನಲ್ಲಿ ಹಾಗೆ ಎಣಿಸಿದ್ದೇನೆ.

ಇವರು ಅಲ್ಲೇ ಇದ್ದರು. ಕೇಳಲಿಲ್ಲ, ಬಾಯಿಗಳನ್ನು ನೋಡಿದರು. "ಎಂತಕ್ ನೆಗಾಡುದ್?" ಎಂದು ನನ್ನನ್ನು ಕೇಳಿದರು. "ಎಂತ ಇಲ್ಲೆ" ಎಂದೆ. ಆಗ ಪುಸ್ತಕ ಕಸಿದುಕೊಂಡು ತಾವೇ ಓದಿದರು. ಓದಿ, ದೋಣಿಯಿಂದ ತಮ್ಮ ಹುಟ್ಟು ತೆಗೆದುಕೊಂಡು ಮನೆಗೆ ಬಂದು ಮಾಡಿನ ಹಂಚಿನ ಕೆಳಗೆ ಸಿಕ್ಕಿಸಿಬಿಟ್ಟರು. ಸಂಕ್ರಮಣಕ್ಕೆ ಇನ್ನೂ ಎರಡು ದಿನ ಇದೆ. ಕಿಟ್ಟ ತೆಗೆಯಬೇಕಾಗಲಿಲ್ಲ, ಅವರೇ ಬಿಟ್ಟು ಬಂದರು.

ನಾನು ಕೇಳಿದ್ದು ಒಂದು, ನೀವು ಕೇಳಿಸಿಕೊಂಡದ್ದು ಇನ್ನೊಂದು. ಇಬ್ಬರಲ್ಲಿ ಕಿವುಡು ಯಾರಿಗೆ ಡಾಕ್ಟರರೇ?

ಗುಲಾಬಿ


ಮುಂಬಯಿ
9-3-1999

ಗುಲಾಬಿ ಅಮ್ಮನವರಿಗೆ,

ಎರಡು ತಿಂಗಳು ಉತ್ತರಿಸಲಿಲ್ಲ. ಆರು ಸಲ ಬರೆದು ಹರಿದೆ.

ಮೊದಲು ತಪ್ಪೊಪ್ಪಿಗೆ. ನಾನು ಡಾಕ್ಟರ್ ಅಲ್ಲ. 'ಕೇಳಿ ನೋಡಿ' ಕಿವಿಯ ಪುಟವೂ ಅಲ್ಲ, ಪ್ರಶ್ನೆ ಕೇಳಿ ನೋಡಿ ಎಂದು ಅದರ ಅರ್ಥ. ನನಗೆ ಇಪ್ಪತ್ತಮೂರು ವರ್ಷ, ಪ್ರಾಣಿಶಾಸ್ತ್ರ ಓದಿದ್ದೇನೆ. ಹುಡುಗಿಯ ಹೆಸರು ಕಂಡರೆ ಓದುಗರು ನಂಬುವುದಿಲ್ಲ ಎಂದು ಎನ್. ಶ್ರೀ ಎಂದು ಹಾಕುತ್ತಿದ್ದೆ. ನೀವು ಡಾಕ್ಟರರೇ ಎಂದಾಗ ತಿದ್ದಲಿಲ್ಲ. ಹಿತವಾಗಿತ್ತು.

ನನ್ನ ಅಜ್ಜಿ ನಿಮ್ಮ ಕಡೆಯವರೇ, ತಲ್ಲೂರಿನವರು. ನಾನು ಹುಟ್ಟಿ ಬೆಳೆದದ್ದು ಇಲ್ಲಿ, ಅಪ್ಪನ ಹೋಟೆಲಿನ ಮಾಳಿಗೆಯಲ್ಲಿ. ನನಗೆ ಗೊತ್ತಿದ್ದ ಹುಟ್ಟು ಎರಡೇ, ಒಂದು ಹುಟ್ಟುವುದು, ಇನ್ನೊಂದು ಸಾಂಬಾರು ಬಡಿಸುವ ಹುಟ್ಟು. ದೋಣಿಗೂ ಅದು ಇದೆ ಎಂದು ತಿಳಿದಿರಲಿಲ್ಲ. ನಮ್ಮಲ್ಲಿ ಮನೆಯವರು ಎಂದರೆ ಮನೆಯ ಎಲ್ಲರೂ. ಹಲ್ಲು ಕಚ್ಚುವುದು ಎಂದರೆ ಸಹಿಸಿಕೊಳ್ಳುವುದು. ನಿಮ್ಮ ನವೆಂಬರ್ ಪತ್ರ ಓದಿದಾಗ ಪುಸ್ತಕ ಅಚ್ಚಿಗೆ ಹೋಗಿಯಾಗಿತ್ತು. ಆಗಲೇ ಬರೆಯಬೇಕಿತ್ತು. ಹೆದರಿ ಸುಮ್ಮನಿದ್ದೆ.

ನಿಮ್ಮ ಜನವರಿಯ ಪತ್ರವನ್ನು ಇಲ್ಲಿನ ಕಿವಿಯ ತಜ್ಞರೊಬ್ಬರಿಗೆ ಓದಿ ಹೇಳಿದೆ. ಕಿಟ್ಟಣ್ಣನ ಎರಡು ಆರೋಪ ಬಂದಾಗ ಅವರು ಕುರ್ಚಿಯಿಂದ ಮುಂದೆ ಬಾಗಿ, ಇನ್ನೊಮ್ಮೆ ಓದು ಎಂದರು. ಅಮ್ಮಾ, ಅವು ಆರೋಪಗಳಲ್ಲ. ರೋಗದ ಗುರುತುಗಳು.

ಸದ್ದು ಒಳಗಿನ ಕಿವಿಗೆ ಹೋಗಲು ಎರಡು ದಾರಿ. ಒಂದು ಗಾಳಿಯಿಂದ, ಕಿವಿಯ ತೂತಿನ ಮೂಲಕ. ಇನ್ನೊಂದು ತಲೆಯ ಎಲುಬಿನ ಮೂಲಕ. ನಮ್ಮ ದನಿ ಟೇಪ್‌ರೆಕಾರ್ಡರಿನಲ್ಲಿ ನಮಗೇ ಬೇರೆ ಯಾರದೋ ಎನ್ನಿಸುವುದು ಇದಕ್ಕೇ, ಮಾತಾಡುವಾಗ ನಾವು ಎರಡೂ ದಾರಿಯಿಂದ ಕೇಳುತ್ತೇವೆ, ಟೇಪಿನಲ್ಲಿ ಒಂದೇ. ನಿಮ್ಮ ಯಜಮಾನರಿಗೆ ಮೊದಲ ದಾರಿ ಕಟ್ಟಿರಬೇಕು, ಎರಡನೆಯದು ತೆರೆದಿದೆ. ಅಂಥವರಿಗೆ ತಮ್ಮ ದನಿ ತಲೆಯೊಳಗೆ ದೊಡ್ಡದಾಗಿ ಮೊಳಗುತ್ತದೆ, ಹಾಗಾಗಿ ಮೆಲ್ಲಗೆ ಮಾತಾಡುತ್ತಾರೆ. ಬೊಬ್ಬೆ ಹೊಡೆಯುವವರು ನರದ ಕಿವುಡರು. ಬಸ್ಸಿನಲ್ಲಿ ಎಂಜಿನ್ ಸದ್ದು ಮೀರಿಸಲು ಎಲ್ಲರೂ ಗಟ್ಟಿ ಮಾತಾಡುತ್ತಾರೆ. ಆ ಸದ್ದು ಇವರನ್ನು ಅಷ್ಟು ಕಾಡುವುದಿಲ್ಲ, ಮಾತು ಮಾತ್ರ ತಲುಪುತ್ತದೆ. ಹೀಗೆ ನಾಟಕ ಮಾಡಲು ವೈದ್ಯಶಾಸ್ತ್ರ ಓದಿರಬೇಕು.

ಹಾವಿಗೂ ಹೊರಗಿವಿ ಇಲ್ಲ. ನೆಲದ ನಡುಕ ದವಡೆಯ ಎಲುಬಿನಿಂದ ಅದರ ಒಳಕಿವಿಗೆ ಹೋಗುತ್ತದೆ.

ಒಂದು ಪರೀಕ್ಷೆ ಮಾಡಿ. ಟಿಕ್ ಟಿಕ್ ಎನ್ನುವ ಟೈಂಪೀಸನ್ನು ಮೊದಲು ಕಿವಿಯ ಹತ್ತಿರ ಹಿಡಿಯಿರಿ, ಮತ್ತೆ ಹಲ್ಲಿಗೆ ಮುಟ್ಟಿಸಿ. ಏನಾಯಿತು ಬರೆಯಿರಿ. ಆಸ್ಪತ್ರೆಗೆ ತೋರಿಸಲು ತಜ್ಞರ ಚೀಟಿ ಇದರ ಜೊತೆಗಿದೆ. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ, ನೀವು ಒಮ್ಮೆಯೂ ಅವರ ಹೆಸರು ಬರೆದಿಲ್ಲ.

ತಪ್ಪಾಯಿತು.
ನವ್ಯಶ್ರೀ


ಕಿರಿಮಂಜೇಶ್ವರ
2-4-1999

ನವ್ಯಶ್ರೀಗೆ ಆಶೀರ್ವಾದ.

ಎಂತ ಹೆಣ್ಣೇ, ಮುಂಚೆ ಹೇಳಬಾರದಿತ್ತಾ? ಇಪ್ಪತ್ತಮೂರರ ಹುಡುಗಿಗೆ ನಾನು ಸಾವಿರ ನಮಸ್ಕಾರ ಹಾಕಿದ್ದೇನೆ. ಅದನ್ನು ನಿನ್ನ ಅಜ್ಜಿಗೆ ಮುಟ್ಟಿಸು.

ಸಿಟ್ಟು ಇತ್ತು, ಸುಳ್ಳು ಹೇಳುವುದಿಲ್ಲ. ತಪ್ಪಾಯಿತು ಎಂದು ಬರೆದದ್ದು ಓದಿ ಅರ್ಧ ಇಳಿಯಿತು. ಟೈಂಪೀಸು ಉಳಿದರ್ಧ ಇಳಿಸಿತು.

ಇವರು ಮೂರು ತಿಂಗಳಿನಿಂದ ಜಗಲಿಯಲ್ಲಿ ಕೂತು ಹರಿದ ಬಲೆ ಹೆಣೆಯುವುದು, ಸಮುದ್ರಕ್ಕೆ ಬೆನ್ನು ಹಾಕಿ. ನಾನು ವನಜನ ಮನೆಯ ಟೈಂಪೀಸು ತಂದು ಕಿವಿಗೆ ಹಿಡಿದೆ. ಇಲ್ಲ ಎಂದು ತಲೆ ಆಡಿಸಿದರು. "ಬಾಯ್ ತೆಗಿನಿ" ಎಂದು ಸನ್ನೆ ಮಾಡಿದೆ. "ನಿಂಗೆ ಮರ್ಲಾ?" ಎಂದರು. ಹಲ್ಲಿಗೆ ಮುಟ್ಟಿಸಿದೆ. ಬೈಯಲು ತೆರೆದ ಬಾಯಿ ಹಾಗೇ ನಿಂತಿತು. ಟೈಂಪೀಸು ನನ್ನ ಕೈಯಿಂದ ತೆಗೆದುಕೊಂಡು ಅದರ ಕಿವಿಯನ್ನು, ಅಂದರೆ ಮೇಲಿನ ಹಿಡಿಯನ್ನು, ಕಚ್ಚಿಕೊಂಡು ಕಣ್ಣುಮುಚ್ಚಿ ಕೂತರು. ಕೂತೇ ಕೂತರು. ವನಜ ಹತ್ತು ಗಂಟೆಗೆ ಅಲಾರಂ ಇಟ್ಟದ್ದು ನನಗೆ ಗೊತ್ತಿರಲಿಲ್ಲ. ಬಾಯಲ್ಲೇ ಹೊಡೆದುಕೊಂಡಿತು. ಇವರು ಕೂಗಿದ್ದು ಕಿಟ್ಟನ ದೋಣಿಗೂ ಕೇಳಿರಬೇಕು. ಜನವರಿಯಿಂದ ಈಚೆ ಈ ಮನೆಯಲ್ಲಿ ನಕ್ಕದ್ದು ಅಂದೇ.

ಹಾವಿನ ವಿಷಯ ಬರೆದೆಯಲ್ಲ, ನಾಗಬನದಲ್ಲಿ ಮೆಲ್ಲ ಕಾಲಿಡು, ಅವನಿಗೆ ನೆಲದಲ್ಲೇ ಗೊತ್ತಾಗುತ್ತದೆ ಎಂದು ನನ್ನ ಅಮ್ಮ ಹೇಳುತ್ತಿದ್ದಳು. ಅವಳು ಶಾಲೆಗೇ ಹೋಗಿರಲಿಲ್ಲ.

ಆದರೆ ಆಸ್ಪತ್ರೆಗೆ ಬರಲು ಇವರು ಒಪ್ಪುವುದಿಲ್ಲ. "ಹತ್ ವರ್ಷ ನಾ ಹೇಳದ್ನ ಯಾರೂ ನಂಬ್ಲಿಲ್ಲೆ. ಈಗ ಗಡಿಯಾರ ಹೇಳದ್ದ್ ನಂಬ್ತ್ರಾ?" ಎನ್ನುತ್ತಾರೆ. ನಾನು ನಂಬಿದ್ದೆ ಎಂದರೆ ಸುಳ್ಳಾಗುತ್ತದೆ. ಅರ್ಧ ನಂಬಿದ್ದೆ, ಅಷ್ಟೆ.

ಹೆಸರು ಬರೆಯುವುದು ಹೇಗೆ? ಗಂಡನ ಹೆಸರು ಹೇಳಿದರೆ ಅವರ ಆಯುಷ್ಯ ಸವೆಯುತ್ತದೆ. ಮೂವತ್ತೆರಡು ವರ್ಷದಲ್ಲಿ 'ಹ್ವಾಯ್' ಬಿಟ್ಟು ಬೇರೆ ಕರೆದಿಲ್ಲ. ನಾನು ಒಪ್ಪೊತ್ತು ಮಾಡುವ ವಾರದ ಹೆಸರು ಎಂದು ತಿಳಿದುಕೋ.

ಗುಲಾಬಿ


ಮುಂಬಯಿ
20-4-1999

ಪ್ರೀತಿಯ ಗುಲಾಬಿ ಅಮ್ಮ,

ನೀವು ಒಪ್ಪೊತ್ತು ಮಾಡುವ ವಾರ ಯಾವುದೆಂದು ನನಗೆ ಹೇಗೆ ಗೊತ್ತಾಗಬೇಕು? ಶನಿಯಪ್ಪ ಎಂದು ಯಾರೂ ಹೆಸರಿಡುವುದಿಲ್ಲ ಎಂದು ಅಜ್ಜಿ ಹೇಳಿದರು. ಗುರುವಣ್ಣ ಎಂದುಕೊಂಡಿದ್ದೇನೆ. ತಪ್ಪಿದ್ದರೆ ಈ ಸಲ ಅಚ್ಚು ಹಾಕಿಸುವುದಿಲ್ಲ.

ಮೇ ಸಂಚಿಕೆಯಲ್ಲಿ ತಿದ್ದುಪಡಿ ಬರುತ್ತದೆ, ನನ್ನ ಪೂರ್ತಿ ಹೆಸರಿನಲ್ಲಿ. ಕಿಟ್ಟಣ್ಣ ದಡದಲ್ಲಿ ಗಟ್ಟಿಯಾಗಿ ಓದಬೇಕು ಎಂದು ಕೇಳಿಕೊಳ್ಳುತ್ತೇನೆ.

ಕೆಳಗಿನದು ನಿಮಗಲ್ಲ, ನಿಮ್ಮ ಯಜಮಾನರಿಗೆ. ಓದಲು ಕೊಡಿ.

ಮಾವ, ಡಾಲ್ಫಿನ್ ಎಂಬ ಪ್ರಾಣಿ ಸಮುದ್ರದಲ್ಲಿ ನೀವು ನೋಡಿರುತ್ತೀರಿ. ಅದು ನೀರಿನ ಸದ್ದನ್ನು ಕೆಳದವಡೆಯಿಂದ ಕೇಳುತ್ತದೆ. ವಿಜ್ಞಾನಿಗಳು ಇದನ್ನು ಗುರುತಿಸಿ ನಲವತ್ತು ವರ್ಷವೂ ಆಗಿಲ್ಲ. ಅವರಿಗೆ ಕಲಿಸಿದವರು, ಉಪಕರಣ ಕೊಟ್ಟವರು ಎಲ್ಲ ಇದ್ದರು. ನೀವು ಒಬ್ಬರೇ, ಒಂದು ಹುಟ್ಟು ಹಿಡಿದು ಎಲುಬಿನಿಂದ ಕೇಳುವುದನ್ನು ಕಂಡುಹಿಡಿದಿರಿ. ನೀವು ಹೇಳಿದ್ದು ನಿಜ. ತಪ್ಪು ಓದಿದ್ದು ನಾನು.

ಕಿವಿಯೊಳಗೆ ಒಂದು ಎಲುಬು ಇದೆ, ಮೈಯಲ್ಲೇ ಅತಿ ಸಣ್ಣದು, ಅಕ್ಕಿಕಾಳಿನ ಅರ್ಧ. ಕುದುರೆ ಹತ್ತುವವರು ಕಾಲಿಡುವ ರಿಕಾಪಿನ ಆಕಾರ. ಮಗು ಹುಟ್ಟುವಾಗಲೇ ಅದು ಪೂರ್ತಿ ಬೆಳೆದಿರುತ್ತದೆ, ಮತ್ತೆ ಸಾಯುವವರೆಗೆ ಬೆಳೆಯುವುದಿಲ್ಲ. ನಿಮ್ಮ ಆ ಎಲುಬು ಅಂಟಿ ನಿಂತಿರಬಹುದು, ತುಕ್ಕು ಹಿಡಿದ ಬಾಗಿಲ ತಿರುಗಣಿಯ ಹಾಗೆ. ಅದಕ್ಕೆ ಶಸ್ತ್ರಚಿಕಿತ್ಸೆ ಇದೆ. ಆಗಿಯೇ ತೀರುತ್ತದೆ ಎಂದು ಬರೆಯಲಾರೆ. ನೂರರಲ್ಲಿ ಕೆಲವರಿಗೆ ಇದ್ದದ್ದೂ ಹೋಗುತ್ತದೆ ಎಂದು ತಜ್ಞರು ಹೇಳಿದರು. ಮೊದಲು ಪರೀಕ್ಷೆ ಆಗಲಿ. ನಿರ್ಧಾರ ನಿಮ್ಮದು.

ನವ್ಯಶ್ರೀ


ಕಿರಿಮಂಜೇಶ್ವರ
6-10-1999

ಚಿರಂಜೀವಿ ನವ್ಯಶ್ರೀಗೆ ಗುಲಾಬಿಯ ಆಶೀರ್ವಾದ.

ಇಷ್ಟು ತಿಂಗಳು ಏನಾಯಿತೋ ಎಂದು ನೀನು ಎರಡು ಕಾರ್ಡು ಹಾಕಿದೆ. ಆಗುವ ಮೊದಲು ಬರೆಯಬಾರದು ಎಂದು ನಾನೇ ತಡೆದುಕೊಂಡೆ. ಒಂದು ಸಲ ಅವಸರ ಮಾಡಿ ಕಿಟ್ಟನ ಎದುರು ಕಾಗದ ಬೀಸಿದ್ದು ಸಾಕು.

ನಿನ್ನ ಕಾಗದವನ್ನು ಇವರು ಮೂರು ಸಲ ಓದಿದರು. "ಈ ಹೆಣ್ಣ್ ಯಾರ್ ಮಗ್ಳ್?" ಎಂದು ಕೇಳಿದರು. ಮರುದಿನ ತಾವೇ ಅಂಗಿ ಹಾಕಿಕೊಂಡು ಆಸ್ಪತ್ರೆಗೆ ಹೊರಟರು.

ಮೇ ತಿಂಗಳ ಪುಸ್ತಕವನ್ನು ಕಿಟ್ಟ ಓದಿದ, ಗಟ್ಟಿಯಾಗಿ ಅಲ್ಲ. ಮೊದಲು ಮನಸ್ಸಿನಲ್ಲೇ ಓದಿ, ಪುಸ್ತಕವನ್ನು ಪಕ್ಕದವನಿಗೆ ಕೊಟ್ಟ. ಹಾಗೆ ಹನ್ನೆರಡು ಕೈ ದಾಟಿತಂತೆ. ಸಂಜೆ ನಮ್ಮ ಜಗಲಿಗೆ ಬಂದು ಒಂದು ಗಳಿಗೆ ಕೂತು, ಮಾಡಿನ ಕಡೆ ನೋಡಿ, "ಗುಲಾಬಕ್ಕ, ಆ ಹುಟ್ಟ್ ಕೆಳ್ಗ್ ಇಳ್ಸಿ. ಗೆದ್ಲ್ ಹಿಡ್ದೀತ್" ಎಂದ. ತಪ್ಪಾಯಿತು ಎನ್ನುವ ಬಾಯಿ ಅದಲ್ಲ. ನಮಗೆ ಅರ್ಥವಾಯಿತು.

ಮಳೆಗಾಲದಲ್ಲಿ ದೋಣಿಗಳೆಲ್ಲ ದಡ ಹತ್ತಿದ ಮೇಲೆ ಬಲದ ಕಿವಿಗೆ ಆಪರೇಷನ್ ಆಯಿತು. ಅಕ್ಕಿಕಾಳಿನ ಅರ್ಧ ಎಂದೆಯಲ್ಲ, ಆ ಎಲುಬು ತೋರಿಸಿ ಎಂದು ಡಾಕ್ಟರರನ್ನು ಕೇಳಿದೆ. ನಕ್ಕರು. ನಾನು ನಗಲಿಕ್ಕೆ ಕೇಳಿದ್ದಲ್ಲ, ಮೀನಿನ ಕಲ್ಲಿನ ಡಬ್ಬಿಯಲ್ಲಿ ಇಡುವ ಎಂದು.

ಕಿವಿಯ ಹತ್ತಿ ತೆಗೆದ ದಿನದ ಸಂಗತಿ ನಿನಗೆ ಮಾತ್ರ ಬರೆಯುತ್ತೇನೆ. ಇವರನ್ನು ಬಾಗಿಲಿಗೆ ಬೆನ್ನು ಮಾಡಿ ಕೂರಿಸಿದರು. ಡಾಕ್ಟರರು ನನ್ನನ್ನು ಹಿಂದೆ ನಿಲ್ಲಿಸಿ, "ನೀವು ದಿನಾ ಕರೆಯುವ ಹಾಗೆ ಕರೆಯಿರಿ" ಎಂದರು. "ಹ್ವಾಯ್" ಎಂದೆ. ಅದೇ ಹೊತ್ತಿಗೆ ಹೊರಗೆ ಯಾರೋ ಯಾರನ್ನೋ ಹ್ವಾಯ್ ಎಂದರು. ಇವರು ಅಲುಗಲಿಲ್ಲ. "ಅದು ಯಾರನ್ನಾದರೂ ಆಗಬಹುದು ಎಂದು ಸುಮ್ಮನಿದ್ದಾರೆ. ಹೆಸರು ಹಿಡಿದು ಕರೆಯಿರಮ್ಮ" ಎಂದರು ಡಾಕ್ಟರರು.

ನಾನು ನಿಂತೆ. ದೇವರನ್ನು ನೆನೆದೆ. ಕರೆದರೆ ಆಯುಷ್ಯ, ಕರೆಯದಿದ್ದರೆ ಕಿವಿ. ಡಾಕ್ಟರರು ಗಡಿಯಾರ ನೋಡಿದರು.

"ಸೋಮಾ" ಎಂದೆ.

ಅಷ್ಟೇ ಮೆಲ್ಲಗೆ, ಬಲೆಯ ಮೇಲೆ ಸೊಳ್ಳೆ ಕೂತಷ್ಟು. ಓದಿದ ಮೇಲೆ ಈ ಹಾಳೆ ಹರಿದುಬಿಡು.

ಇವರು ತಿರುಗಿದರು. ತಿರುಗಿ ನನ್ನನ್ನು ನೋಡಲಿಲ್ಲ. ನನ್ನನ್ನು ದಾಟಿ ಬಾಗಿಲ ಕಡೆ ನೋಡಿದರು. ನನ್ನ ಬಾಯಿಂದ ಆ ಹೆಸರು ಬಂದೀತು ಎಂದು ಅವರ ಮನಸ್ಸಿಗೇ ಹೋಗಲಿಲ್ಲ. ಬಾಗಿಲಲ್ಲಿ ಯಾರೂ ಇರಲಿಲ್ಲ. ಬಹಳ ಹೊತ್ತು ಅಲ್ಲೇ ನೋಡುತ್ತಿದ್ದು, "ಅಬ್ಬಿ ಕರ್ದಾಂಗ್ ಆಯ್ತ್ ಕಾಣ್" ಎಂದರು.

ಅವರನ್ನು ಹೆಸರು ಹಿಡಿದು ಕರೆದ ಹೆಂಗಸು ಲೋಕದಲ್ಲಿ ಒಬ್ಬಳೇ, ಅವರನ್ನು ಹೆತ್ತ ಅಬ್ಬಿ. ತೀರಿಕೊಂಡು ಇಪ್ಪತ್ತು ವರ್ಷ. ನಾನೇ ಕರೆದದ್ದು ಎಂದು ಹೇಳಲು ಬಾಯಿ ತೆರೆದೆ. ಮತ್ತೆ ಮುಚ್ಚಿದೆ. "ಹೌದಾ?" ಎಂದೆ.

ಮುಂದಿನ ಸೋಮವಾರ ದೇವಸ್ಥಾನದಲ್ಲಿ ತಪ್ಪುಕಾಣಿಕೆ ಹಾಕಿದೆ. ಸವೆಯುವುದಿದ್ದರೆ ನನ್ನ ಪಾಲಿನದು ಸವೆಯಲಿ ಎಂದು ಬೇಡಿಕೊಂಡೆ.

ಈಗ ನೀರಿಗೆ ಹೋಗುತ್ತಿದ್ದಾರೆ, ತಮ್ಮದೇ ಜಾಗದಲ್ಲಿ ಕೂತು. ಕಿವಿಗೆ ಎಣ್ಣೆ ಹತ್ತಿ ಸಿಕ್ಕಿಸಿಕೊಂಡು. ಕಲ್ಲೂರು ಹುಡುಕಲು ಇನ್ನೂ ಹುಟ್ಟನ್ನೇ ಕಚ್ಚುತ್ತಾರೆ, ಕಿವಿಗಿಂತ ಅದೇ ಚಂದ ಕೇಳುತ್ತದಂತೆ. ಮೊನ್ನೆ ಕಿಟ್ಟನೂ ಯಾರೂ ನೋಡದಾಗ ಒಮ್ಮೆ ಕಚ್ಚಿ ನೋಡಿದನಂತೆ.

ದೋಣಿಗೆ ಹೊರಟಾಗ ನಾನು ಮೊದಲಿನ ಹಾಗೆ ಬಾಗಿಲಲ್ಲಿ ನಿಂತು "ಹ್ವಾಯ್" ಎನ್ನುತ್ತೇನೆ. ಹೇಳಲು ಏನೂ ಇರುವುದಿಲ್ಲ. ಆದರೂ ಒಂದೇ ಸಲಕ್ಕೆ ತಿರುಗುತ್ತಾರೆ.

ಗುಲಾಬಿ